ಒಂದೇ ಪ್ಯಾರಾದ ಥೀಸಿಸ್ಸು

“ಇದೇನ್ರೀ ಶಿವಯೋಗಿ, ಥೀಸಿಸ್ ಬರ್ದಿದೀರೋ, ಪದ್ಯ ಬರ್ದಿದೀರೋ?”

ಶಿವಮೊಗ್ಗದ ವಿದ್ಯಾನಗರದ ಮನೆಯಲ್ಲಿ, ಮಗಳ ಕಂಪ್ಯೂಟರಿನ ಮುಂದೆ ಬನಿಯನ್ನಿನಲ್ಲಿ ಕೂತಿದ್ದ ಪ್ರೊಫೆಸರ್ ಷಡಕ್ಷರಪ್ಪನವರು ಕನ್ನಡಕವನ್ನು ಹಣೆಗೇರಿಸಿಕೊಂಡು ಕೇಳಿದರು. ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ ಶಿವಯೋಗಿ ಬಗ್ಗಿ ನೋಡಿದ. ಅವರು ಹೇಳಿದ್ದು ಸುಳ್ಳೇನಾಗಿರಲಿಲ್ಲ. ಪರದೆಯ ಮೇಲೆ ಒಂದು ಸಾಲು ಉದ್ದಕ್ಕೆ ಹೋಗಿ, ಮಿಕ್ಕ ಒಂದೇ ಒಂದು ಪದ ಕೆಳಗೆ ಒಂಟಿಯಾಗಿ ಕೂತಿತ್ತು. ಅದರ ಕೆಳಗೆ ಖಾಲಿ ಜಾಗ. ಮತ್ತೆ ಉದ್ದ ಸಾಲು, ಮತ್ತೆ ಒಂಟಿ ಪದ. ವರ್ಷಗಟ್ಟಲೆ ಬಸ್ಸು ಹತ್ತಿ ಇಳಿದು ಬರೆದ ಸಂಶೋಧನೆ ಹಲ್ಲು ಮುರಿದ ಬಾಚಣಿಗೆಯ ಹಾಗೆ ಕಾಣುತ್ತಿತ್ತು.

“ವರ್ಡಿನಲ್ಲೇ ಇದೆ ಸಾರ್. ಫೈಲಿನ ಹೆಸರಿನ ಕೊನೇಲಿ ಡಾಟ್ ಟಿಎಕ್ಸ್‌ಟಿ ಅಂತಿತ್ತು. ಅದನ್ನ ಅಳಿಸಿ ಡಾಟ್ ಡಾಕ್ ಅಂತ ಮಾಡ್ದೆ.”

“ಹೆಸರು ಬದಲಾಯಿಸಿದ್ರೆ ಜಾತಕ ಬದಲಾಗುತ್ತೇನ್ರೀ? ಈ ವರ್ಷದಿಂದ ರೂಲ್ಸ್ ಹೊಸದು. ಒಂದು ಪ್ರಿಂಟು, ಜೊತೆಗೆ ಫ್ಲಾಪಿ. ಫ್ಲಾಪಿನಲ್ಲಿ ವರ್ಡ್ ಫೈಲು, ಸರಿಯಾಗಿ ಪ್ಯಾರಾ ಮಾಡಿರೋದು. ಇಲ್ಲದಿದ್ರೆ ಒಳಗೇ ತಗೊಳ್ಳಲ್ಲ.” ಷಡಕ್ಷರಪ್ಪನವರು ಕಾಫಿ ಲೋಟ ಎತ್ತಿಕೊಂಡರು. “ಇವತ್ತು ಕೊನೇ ದಿನ. ಸಂಜೆ ಐದರ ಒಳಗೆ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಇನ್‌ವರ್ಡ್ ಸೀಲು ಬೀಳ್ಬೇಕು. ಎರಡು ಸಲ ಎಕ್ಸ್‌ಟೆನ್ಷನ್ ಕೊಡ್ಸಿದೀನಿ. ಮೂರನೇದು ನಾನು ಕೇಳಲ್ಲ, ಅವರು ಕೊಡಲ್ಲ.”

“ಹಳೇ ಪ್ರಿಂಟು ಒಂದ್ಸಲ ಕೊಡ್ತೀರಾ ಸಾರ್? ಹೋಲಿಸಿ ನೋಡ್ಕೊಳ್ಳೋಕೆ?”

“ಅದು ಬೀರುನಲ್ಲಿದೆ, ಬೀರು ಕೀ ನಮ್ಮನೆಯವಳ ಹತ್ರ ಇದೆ, ಅವಳು ತವರಿಗೆ ಹೋಗಿದಾಳೆ. ನೀವು ಮೊದಲು ಓಡಿ.”

ಶಿವಯೋಗಿ ಫ್ಲಾಪಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಭದ್ರಾವತಿಯ ಬಸ್ಸಿಗೆ ಓಡಿದ.

ಈ ಶಿವಯೋಗಿ ಭದ್ರಾವತಿಯ ಖಾಸಗಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಅವನ ಸಂಶೋಧನೆಯ ವಿಷಯ ಶಿವಮೊಗ್ಗ-ಭದ್ರಾವತಿ ಮಾರ್ಗದ ಬಸ್ಸುಗಳಲ್ಲಿ ಜನ ಸೀಟು ಹಿಡಿಯುವ ರೀತಿ. ಕಿಟಕಿಯಿಂದ ಟವೆಲ್ ಎಸೆಯುವವರು, ಮಗುವನ್ನು ಇಳಿಬಿಡುವವರು, “ಇಲ್ಲಿ ಬರ್ತಾರೆ” ಎಂದು ಬಾರದವರಿಗಾಗಿ ಕೈ ಅಡ್ಡ ಇಟ್ಟು ಕೂರುವವರು, ಇವರನ್ನೆಲ್ಲ ವರ್ಗೀಕರಿಸಿ, ಕೋಷ್ಟಕ ಹಾಕಿ, ಇಂಗ್ಲಿಷಿನಲ್ಲಿ ಬರೆದಿದ್ದ. ಬರೆದದ್ದು ಕಾಲೇಜಿನ ಹಳೆಯ ಕಂಪ್ಯೂಟರಿನಲ್ಲಿ. ಕಪ್ಪು ಪರದೆ, ಬಿಳಿ ಅಕ್ಷರ. ದಪ್ಪ ಅಕ್ಷರವಿಲ್ಲ, ಅಡಿಗೆರೆಯಿಲ್ಲ, ಏನೂ ಇಲ್ಲ, ಬರೀ ಅಕ್ಷರ. ಶಿವಯೋಗಿಗೆ ಅದೇನೂ ಕಷ್ಟವಾಗಿರಲಿಲ್ಲ. ಅವನು ಟೈಪಿಂಗ್ ಇನ್ಸ್ಟಿಟ್ಯೂಟಿನಲ್ಲಿ ಸೀನಿಯರ್ ಪಾಸಾದವನು. ಅಲ್ಲಿ ಸಾಲಿನ ಕೊನೆ ಬಂದರೆ ಟಿಣ್ ಎಂದು ಗಂಟೆ ಹೊಡೆಯುತ್ತಿತ್ತು, ಹಿಡಿ ಎಳೆದು ಮುಂದಿನ ಸಾಲಿಗೆ ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ಗಂಟೆ ಹೊಡೆಯದಿದ್ದರೂ ಶಿವಯೋಗಿಯ ಕಿವಿಯೊಳಗೆ ಹೊಡೆಯುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತುತ್ತಿದ್ದ. ಸಾಲುಗಳ ನಡುವೆ ಜಾಗ ಇರಬೇಕೆಂದು ಗೈಡ್ ಷಡಕ್ಷರಪ್ಪನವರು ಹೇಳಿದ್ದರಿಂದ ಇನ್ನೊಂದು ಎಂಟರ್. ಆ ಮೇಲೆ ಹಳೆಯ ಪ್ರಿಂಟರಿನಲ್ಲಿ ಅಚ್ಚು ತೆಗೆದಾಗ ಥೀಸಿಸ್ಸು ಇಟ್ಟಿಗೆಯಷ್ಟು ದಪ್ಪ ಬಂದಿತ್ತು. ಅದನ್ನು ಎತ್ತಿ ನೋಡಿಯೇ ಷಡಕ್ಷರಪ್ಪನವರು ಭೇಷ್ ಅಂದಿದ್ದರು.

ಆದರೆ ಅವನನ್ನು ಓಡಿಸುತ್ತಿದ್ದದ್ದು ಯೂನಿವರ್ಸಿಟಿಯ ಭಯವೊಂದೇ ಅಲ್ಲ. ನಾದಿನಿ ಅಕ್ಷರಾಳ ಮದುವೆ ಗೊತ್ತಾಗಿತ್ತು. ಮಾವನವರು ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂಬಲ್ಲಿ ‘ಡಾ॥ ಶಿವಯೋಗಿ’ ಎಂದು ಅಚ್ಚು ಹಾಕಿಸಿ ಊರೆಲ್ಲ ಹಂಚಿಬಿಟ್ಟಿದ್ದರು. “ಇನ್ನೂ ಆಗಿಲ್ಲ ಮಾವ” ಅಂದರೆ, “ಥೀಸಿಸ್ಸು ಕೊಟ್ಮೇಲೆ ಆದಂಗೇ ಬಿಡಿ, ಮದುವೆ ಹೊತ್ತಿಗೆ ಕೊಟ್ಟಿರ್ತೀರಲ್ಲ” ಅಂದಿದ್ದರು. ಇವತ್ತು ಕೊಡದಿದ್ದರೆ ನೋಂದಣಿಯೇ ರದ್ದು. ಬೀಗರ ಎದುರಿನ ಸಾಲಿನಲ್ಲಿ ಕೂತು ಅವನು ಯಾವ ಮುಖ ತೋರಿಸಬೇಕು?

ಭದ್ರಾವತಿ ಬಸ್‌ಸ್ಟ್ಯಾಂಡಿನ ಎದುರಿನ ವಸೀಂನ ಡಿಟಿಪಿ ಅಂಗಡಿಗೆ ಶಿವಯೋಗಿ ನುಗ್ಗಿದಾಗ ವಸೀಂ ಇನ್ನೂ ಊದುಬತ್ತಿ ಹಚ್ಚುತ್ತಿದ್ದ. ಅವನು ಶಿವಯೋಗಿಯ ಹಳೆಯ ಶಿಷ್ಯ. ಸಮಾಜಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪರೀಕ್ಷೆಗೆ ಕೂರುವ ಬದಲು ಅಂಗಡಿ ಹಾಕಿಕೊಂಡು ಸುಖವಾಗಿದ್ದ.

“ಕೂತ್ಕೊಳ್ಳಿ ಸಾರ್, ಬೆವರು ಒರೆಸ್ಕೊಳ್ಳಿ. ಇದೇನು ದೊಡ್ಡ ಕೆಲ್ಸ? ಸಾಲಿನ ಕೊನೇಲಿ ಎಂಟರ್ ಇದೆ, ಅದಕ್ಕೇ ಹಿಂಗೆ ಕಾಣ್ತಿದೆ. ಎಂಟರ್ ಎಲ್ಲಾ ತೆಗೆದ್ರೆ ಆಯ್ತು.”

“ಒಂದೊಂದೇ ತೆಗೀಬೇಕಾ ವಸೀಂ? ಸಾವಿರಗಟ್ಟಲೆ ಇದಾವಲ್ಲೋ!”

“ಒಂದೊಂದು ಯಾಕೆ ಸಾರ್? ಫೈಂಡು, ರೀಪ್ಲೇಸು, ಆಲ್. ಅರೆ, ನೀವು ಟೀ ಕುಡಿಯೋದ್ರೊಳಗೆ ಮುಗೀತದೆ.”

ಟೀ ಬಂತು. ಶಿವಯೋಗಿ ಮೊದಲ ಗುಟುಕು ಹೀರುವಷ್ಟರಲ್ಲಿ ವಸೀಂ ಮೂರು ಸಲ ಟಿಕ್ ಟಿಕ್ ಅನ್ನಿಸಿ, ಕುರ್ಚಿಗೆ ಒರಗಿ, ಎರಡೂ ಕೈ ಚೆಲ್ಲಿ ತೋರಿಸಿದ. “ನೋಡಿ!”

ಶಿವಯೋಗಿ ನೋಡಿದ. ಸಾಲುಗಳೆಲ್ಲ ಮದುವೆ ಪಂಕ್ತಿಯ ಹಾಗೆ ಒತ್ತೊತ್ತಾಗಿ, ಅಂಚಿನಿಂದ ಅಂಚಿಗೆ ಚೆಂದಾಗಿ ಕೂತಿದ್ದವು. ಕಣ್ಣು ತಂಪಾಯಿತು. ಕೆಳಗೆ ಹೋದ. ಇನ್ನೂ ಕೆಳಗೆ ಹೋದ. ಪುಟ ಮುಗಿಯಿತು, ಮುಂದಿನ ಪುಟ ಬಂತು, ಅದೂ ಮುಗಿಯಿತು. ಎಲ್ಲೂ ನಿಲ್ದಾಣವೇ ಇಲ್ಲ.

“ವಸೀಂ, ಪ್ಯಾರಾ ಎಲ್ಲಿ?”

“ಯಾವ ಪ್ಯಾರಾ ಸಾರ್?”

“ನಾನು ಸಾಲು ಮುಗಿದ್ರೆ ಎರಡು ಎಂಟರ್, ಪ್ಯಾರಾ ಮುಗಿದ್ರೆ ಮೂರು ಎಂಟರ್ ಹೊಡೆದಿದ್ನಲ್ಲೋ!”

“ಮೊದ್ಲೇ ಹೇಳ್ಬಾರ್ದಾ ಸಾರ್?” ವಸೀಂನ ಮುಖ ಸ್ವಲ್ಪ ಇಳಿಯಿತು. “ಎಲ್ಲಾ ಹೋಯ್ತು. ಅಧ್ಯಾಯದ ಹೆಸರೂ ಒಳಗೇ ಸೇರ್ಕೊಂಡಿದೆ. ಈಗ ಇದು ಒಂದೇ ಪ್ಯಾರಾ.”

“ಇಡೀ ಥೀಸಿಸ್ಸಾ?”

“ಇಡೀ ಥೀಸಿಸ್ಸು.”

“ಹಿಂದಿನ ಹಂಗೆ ಮಾಡು ಮಾರಾಯ, ಫ್ಲಾಪಿಯಿಂದ ಮತ್ತೆ ತೆಗಿ.”

“ಫ್ಲಾಪಿ ಮೇಲೇ ಸೇವ್ ಮಾಡಿ, ಒಂದ್ಸಲ ಮುಚ್ಚಿ ತೆರ್ದೂ ಬಿಟ್ಟೆ ಸಾರ್. ಕರೆಂಟಿಗೆ ನಂಬಿಕೆ ಇಲ್ಲ ನೋಡಿ, ಮೊದ್ಲು ಸೇವು, ಆಮೇಲೆ ಮಾತು, ಅದು ನನ್ನ ಅಭ್ಯಾಸ.”

ಕಾಲೇಜಿನ ಕಂಪ್ಯೂಟರು ಹೋದ ತಿಂಗಳೇ ಪ್ರಾಣ ಬಿಟ್ಟಿತ್ತು. ಹಳೆಯ ಪ್ರಿಂಟು ಷಡಕ್ಷರಪ್ಪನವರ ಹೆಂಡತಿಯ ಕೀಲಿಯ ಹಿಂದೆ ಇತ್ತು. ಶಿವಯೋಗಿ ಟೀ ಲೋಟವನ್ನು ಪ್ರಿಂಟರಿನ ಮೇಲಿಟ್ಟು ತಲೆ ಹಿಡಿದುಕೊಂಡ.

ಆ ಹೊತ್ತಿಗೆ ಸರಿಯಾಗಿ ಶಿವಯೋಗಿಯ ಪಕ್ಕದ ಮನೆಯ ಕೃಷ್ಣಪ್ಪನವರು ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಬಂದರು. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಟೈಂಕೀಪರ್ ಆಗಿದ್ದು ನಿವೃತ್ತರಾದವರು. ಬೇರೆಯವರ ತಾಪತ್ರಯ ಎಲ್ಲಿದ್ದರೂ ವಾಸನೆ ಹಿಡಿದು ಹಾಜರಾಗುತ್ತಿದ್ದರು.

“ಏನ್ ಡಾಕ್ಟ್ರೇ, ತಿಂಡಿ ತಿನ್ನದೆ ಬಂದ್ರಂತೆ? ನಿಮ್ಮನೆಯವ್ರು ಜಯಶೀಲಮ್ಮ ಅವಲಕ್ಕಿ ಕೊಟ್ಟು ಕಳ್ಸಿದಾರೆ. ಯಾಕೆ ಮುಖ ಹಿಂಗಿದೆ?”

ವಿಷಯ ಕೇಳಿದ ಮೇಲೆ ಕೃಷ್ಣಪ್ಪನವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. “ಇಷ್ಟೇನಾ? ಹತ್ತು ಸಾಲಿಗೊಂದು ಕಡೀರಿ. ಫ್ಯಾಕ್ಟ್ರಿನಲ್ಲಿ ಎಂಟು ಗಂಟೆಗೊಂದು ಶಿಫ್ಟು. ಸೈರನ್ ಆಯ್ತು, ಎದ್ದು ಹೋದ್ರು. ಕೆಲಸ ಅರ್ಧ ಆಗಿತ್ತಾ, ಪೂರ್ತಿ ಆಗಿತ್ತಾ ಅಂತ ಯಾರಾದ್ರೂ ಕೇಳಿದ್ದುಂಟಾ?”

“ಹಂಗೆಲ್ಲ ಆಗಲ್ಲ ಕೃಷ್ಣಪ್ಪನೋರೆ. ವಿಷಯ ಮುಗಿದ ಕಡೆ ಮುರೀಬೇಕು.”

“ಹಾಗಾದ್ರೆ ನೀವು ಓದ್ತಾ ಹೋಗಿ, ನಾನು ಹೇಳ್ತೀನಿ.”

ಬೇರೆ ದಾರಿ ಇರಲಿಲ್ಲ. ಶಿವಯೋಗಿ ಓದತೊಡಗಿದ, ವಸೀಂ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತ. ಮೂರು ಪುಟ ಆಗುವಷ್ಟರಲ್ಲಿ ಬಾಗಿಲಲ್ಲಿ ಹಾಲಸ್ವಾಮಿ ಕಾಣಿಸಿಕೊಂಡ. ಶಿವಯೋಗಿಯ ಕಾಲೇಜಿನಲ್ಲೇ ಕನ್ನಡ ಮೇಷ್ಟ್ರು. ಮಗನ ಶಾಲೆಗೆ ಒಂದು ಅರ್ಜಿ ಟೈಪ್ ಮಾಡಿಸಲು ಬಂದವನು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

“ಏನೋ ಇದು ಮಾರಾಯ, ಸತ್ಯನಾರಾಯಣ ಕತೆ ಓದಿದಂಗೆ ಓದ್ತಿದೀಯ? ಪ್ಯಾರಾ ಅನ್ನೋದು ಎಣಿಸಿ ಮಾಡೋದಲ್ಲ. ಭಾವ ಎಲ್ಲಿ ಮುಗಿಯುತ್ತೋ ಅಲ್ಲಿ ಪ್ಯಾರಾ ಮುಗೀಬೇಕು.”

“ಬಸ್ ಸೀಟಿನಲ್ಲಿ ಭಾವ ಎಲ್ಲಿಂದ ತರ್ಲಿ ಹಾಲಸ್ವಾಮಿ?”

“ಇದೆ, ಹುಡುಕಬೇಕು. ಈಗ ನೋಡು, ಮುದುಕಿ ಬುಟ್ಟಿ ಹಿಡ್ಕೊಂಡು ನಿಂತಿದಾಳೆ, ಯಾರೂ ಎದ್ದು ಜಾಗ ಕೊಡಲಿಲ್ಲ ಅಂತ ಬರ್ದಿದೀಯಲ್ಲ. ಅಲ್ಲಿ ನಿಲ್ಲಿಸು. ಓದುಗನ ಕಣ್ಣು ಒದ್ದೆ ಆಗ್ಲಿ.”

“ನಿಲ್ಸಿದ್ರೆ ಹತ್ತು ಸಾಲು ಆಗಲ್ಲ,” ಎಂದರು ಕೃಷ್ಣಪ್ಪ.

“ನಿಮ್ಮ ಹತ್ತು ಸಾಲು ಒಲೆಗೆ ಹಾಕಿ ಸ್ವಾಮಿ. ಇದು ಕಬ್ಬಿಣ ಕಾಯ್ಸೋ ಕೆಲಸ ಅಲ್ಲ.”

“ಕಬ್ಬಿಣ ಕಾಯ್ಸಿದ್ದಕ್ಕೇ ನಿಮ್ಮ ಕಾಲೇಜು ಕಟ್ಟಡ ನಿಂತಿರೋದು, ತಿಳ್ಕೊಳ್ಳಿ.”

ಇಬ್ಬರ ಜಗಳದ ನಡುವೆ ವಸೀಂ ಯಾರ ದನಿ ಜೋರಾಗಿದೆಯೋ ಅವರ ಮಾತಿಗೆ ಎಂಟರ್ ಒತ್ತುತ್ತ ಹೋದ. ಎರಡನೇ ಅಧ್ಯಾಯ ಹಾಗೂ ಹೀಗೂ ಸಾಗಿತು. ಮೂರನೆಯದರಲ್ಲಿ ಕೋಷ್ಟಕಗಳು ಬಂದವು. ಶಿವಯೋಗಿ ಅವುಗಳನ್ನು ಖಾಲಿ ಜಾಗ ಬಿಟ್ಟು ಬಿಟ್ಟು ಸಾಲಾಗಿ ಜೋಡಿಸಿದ್ದ. ಎಂಟರ್ ಹೋದ ಮೇಲೆ ಅವೆಲ್ಲ ಕುಸಿದು ಒಂದೇ ರಾಶಿಯಾಗಿದ್ದವು: ಗಂಡಸರು ಟವೆಲ್ ಮೂವತ್ತೊಂದು ಹೆಂಗಸರು ಮಗು ಹದಿನೆಂಟು ಇತರೆ ಛತ್ರಿ ಒಂಬತ್ತು ಒಟ್ಟು.

ಹಾಲಸ್ವಾಮಿ ಅದನ್ನು ಎರಡು ಸಲ ಓದಿದ. “ಇದನ್ನ ಮಾತ್ರ ಮುಟ್ಟಬೇಡ ಮಾರಾಯ. ಪುಸ್ತಕದಲ್ಲೇ ಅತ್ಯಂತ ಚೆನ್ನಾಗಿರೋ ಜಾಗ ಇದು.”

ಅಷ್ಟರಲ್ಲಿ ಕರೆಂಟು ಹೋಯಿತು. ಅಂಗಡಿಯ ಹಿಂದೆ ಜನರೇಟರ್ ಇತ್ತು, ಆದರೆ ಅದಕ್ಕೆ ಸೀಮೆಎಣ್ಣೆ ಇರಲಿಲ್ಲ. ಸೀಮೆಎಣ್ಣೆ ತರಲು ಕೃಷ್ಣಪ್ಪನವರು ಹೋದರು. ಅವರು ಬರುವ ಹೊತ್ತಿಗೆ ಕರೆಂಟೇ ಬಂದಿತ್ತು. “ಅವಸರದಲ್ಲಿ ಯಾಕೆ ಕಳ್ಸಿದ್ರಿ ನನ್ನ?” ಎಂದು ಅವರು ಶಿವಯೋಗಿಯನ್ನೇ ಬೈದರು. ಸದ್ಯ, ವಸೀಂ ಸೇವ್ ಮಾಡಿದ್ದರಿಂದ ಏನೂ ಹಾಳಾಗಿರಲಿಲ್ಲ. ಅದನ್ನು ಅವನು ನಾಲ್ಕು ಸಲ ನೆನಪಿಸಿದ.

ಊಟದ ಹೊತ್ತು ದಾಟಿದ ಮೇಲೆ ಕೊನೆಯ ಅಧ್ಯಾಯವೂ ಮುಗಿದು ಪ್ರಿಂಟ್ ಕೊಟ್ಟರು. ಮೊದಲ ಹಾಳೆ ಹೊರಬಂದಿತು. ಸುತ್ತಲೂ ಬಾಳೆಕಂಬ, ಮಾವಿನ ತೋರಣ, ನೆತ್ತಿಯ ಮೇಲೆ ಗಣಪತಿ, ನಡುವೆ ‘ಬಸ್ ಪ್ರಯಾಣಿಕರ ಆಸನ ವರ್ತನೆ: ಒಂದು ಪೀಠಿಕೆ’ ಎಂಬುದರ ಇಂಗ್ಲಿಷು.

“ಇದೇನೋ ವಸೀಂ?”

“ಸಾರಿ ಸಾರ್! ಮೊದಲ್ನೇ ಹಾಳೆನ ನಿಮ್ಮ ನಾದಿನಿಯೋರ ಮದುವೆ ಕಾರ್ಡ್ ಫೈಲಿನೊಳಗೇ ಅಂಟಿಸ್ಬಿಟ್ಟಿದೀನಿ. ಅದೇ ತೆರ್ದಿತ್ತು.”

“ಇರ್ಲಿ ಬಿಡಿ, ಲಕ್ಷಣವಾಗಿದೆ,” ಎಂದರು ಕೃಷ್ಣಪ್ಪ. “ಒಳ್ಳೆ ಕೆಲಸಕ್ಕೆ ಹೋಗ್ತಿದೀರ.”

ಬಾಳೆಕಂಬ ಕಿತ್ತು, ಗಣಪತಿಗೆ ಕೈಮುಗಿದು ಕಳಿಸಿ, ಕೋಷ್ಟಕಗಳನ್ನು ಎತ್ತಿ ನಿಲ್ಲಿಸಿ, ಅಧ್ಯಾಯದ ಹೆಸರುಗಳಿಗೆ ದಪ್ಪ ಅಕ್ಷರ ಹಾಕಿ, ಮತ್ತೆ ಪ್ರಿಂಟ್ ತೆಗೆದು, ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸುವಷ್ಟರಲ್ಲಿ ಮೂರು ಗಂಟೆಯಾಯಿತು. ಶಿವಯೋಗಿ ಅದನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಹಗುರವಾಗಿತ್ತು, ಹಿಡಿದು ಓಡಲು ಸುಲಭವಾಗಿತ್ತು.

ಶಂಕರಘಟ್ಟದ ಬಸ್ಸು ಆಗಲೇ ಜನ ತುಂಬಿ ಉಬ್ಬಿತ್ತು. ಅವನ ಹಿಂದೆಯೇ ಓಡಿಬಂದ ಕೃಷ್ಣಪ್ಪನವರು ಹೆಗಲಿನ ಟವೆಲ್ಲನ್ನು ಕಿಟಕಿಯಿಂದ, ಯಾರೋ ಆಗಷ್ಟೇ ಎದ್ದ ಸೀಟಿಗೆ ಎಸೆದರು. “ಹತ್ತಿ ಡಾಕ್ಟ್ರೇ, ಜಾಗ ಆಯ್ತು!” ಶಿವಯೋಗಿ ನುಗ್ಗಿಕೊಂಡು ಒಳಗೆ ಹೋಗುವಷ್ಟರಲ್ಲಿ ಅಲ್ಲಿ ಒಬ್ಬ ಹೆಂಗಸು ಕೂತು ಆ ಟವೆಲ್ಲಿನಿಂದಲೇ ಮಗುವಿನ ಮೂಗು ಒರೆಸುತ್ತಿದ್ದಳು.

“ಇದು ನಮ್ಮ ಟವೆಲ್ ಅಮ್ಮ. ಸೀಟು ಹಿಡಿದಿದ್ವಿ.”

“ಟವೆಲ್ ಬೇಕಾ? ತಗಳ್ಳಿ.” ಅವಳು ಟವೆಲ್ ಮಡಚಿ ಕೊಟ್ಟಳು.

ನಾಲ್ಕನೇ ಅಧ್ಯಾಯದಲ್ಲಿ ಇಂಥ ಸಂದರ್ಭವನ್ನು ಅವನು ವಿವರವಾಗಿಯೇ ಬರೆದಿದ್ದ. ಏನು ಮಾಡಬೇಕು ಎನ್ನುವುದನ್ನು ಮಾತ್ರ ಬರೆದಿರಲಿಲ್ಲ. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಥೀಸಿಸ್ಸು, ಹೆಗಲ ಮೇಲೆ ಪರರ ಮಗುವಿನ ಸಿಂಬಳದ ಟವೆಲ್ಲು ಹೊತ್ತು ನಿಂತ.

ಶಂಕರಘಟ್ಟದಲ್ಲಿ ಥೀಸಿಸ್ಸು ತೆಗೆದುಕೊಳ್ಳುವ ವಿಭಾಗದಲ್ಲಿ ಮೀರಾ ಮೇಡಂ ಒಬ್ಬರೇ ಇದ್ದರು. ಸಮಾಧಾನದ ಹೆಂಗಸು. ಅವನ ಅವತಾರ ನೋಡಿ ಮೊದಲು ನೀರು ಕೊಟ್ಟರು, ಆಮೇಲೆ ಫ್ಲಾಪಿ ತೆಗೆದುಕೊಂಡು ಕಂಪ್ಯೂಟರಿಗೆ ತುರುಕಿದರು. ಡ್ರೈವು ಕೊರ್ ಕೊರ್ ಎಂದು ಕೊರಗಿ ಫೈಲು ತೆರೆಯಿತು.

“ಪರ್ವಾಗಿಲ್ವೇ! ಪ್ಯಾರಾ ಸರಿಯಿದೆ, ಟೇಬಲ್ಲು ಸರಿಯಿದೆ, ಅಕ್ಷರ ಸರಿಯಿದೆ. ಬೆಳಗ್ಗೆಯಿಂದ ಬಂದವರಲ್ಲಿ ನಿಮ್ದೇ ಸಾರ್ ಅಚ್ಚುಕಟ್ಟು. ಯಾರ ಹತ್ರ ಮಾಡ್ಸಿದ್ರಿ?”

ಶಿವಯೋಗಿಯ ಕಣ್ಣಲ್ಲಿ ನೀರು ಬಂತು. “ನಾಲ್ಕು ಜನ ಕೂತು ಮಾಡಿದ್ವಿ ಮೇಡಂ.”

ಅವರು ಇನ್‌ವರ್ಡ್ ಸೀಲನ್ನು ಮಸಿಗೆ ಒತ್ತಿದರು. ಎತ್ತಿದರು. ಇನ್ನೊಂದು ಕೈಯಲ್ಲಿ ಥೀಸಿಸ್ಸಿನ ಕೊನೆಯ ಪುಟ ತಿರುಗಿಸಿದರು. ಸೀಲು ಗಾಳಿಯಲ್ಲೇ ನಿಂತಿತು.

“ನೂರ ಇಪ್ಪತ್ತೊಂಬತ್ತು. ಉಳಿದಿದ್ದೆಲ್ಲಿ ಸಾರ್?”

“ಅಷ್ಟೇ ಮೇಡಂ. ಪೂರ್ತಿ ಇದೆ.”

“ನೂರೈವತ್ತು ಪುಟಕ್ಕೆ ಕಮ್ಮಿ ಇದ್ರೆ ಪಿಎಚ್‌ಡಿಗೆ ತಗೊಳ್ಳೋ ಹಾಗಿಲ್ವಲ್ಲ. ಷಡಕ್ಷರಪ್ಪನೋರು ಹೋದ ವಾರ ಇಲ್ಲಿ ಬಂದಾಗ ನಮ್ ಹುಡುಗಂದು ಇನ್ನೂರ ನಲವತ್ತು ಪುಟ ಅಂತ ಎದೆ ತಟ್ಕೊಂಡು ಹೇಳಿದ್ರು. ಮಿಕ್ಕ ನೂರ ಹನ್ನೊಂದು ಪುಟ ಏನಾಯ್ತು?”

ಹಗುರವಾಗಿದ್ದ ಥೀಸಿಸ್ಸು ಯಾಕೆ ಹಗುರವಾಗಿತ್ತು ಎನ್ನುವುದು ಶಿವಯೋಗಿಗೆ ಆಗ ಹೊಳೆಯಿತು.

“ಅದು... ಎಂಟರ್ ಮೇಡಂ.”

“ಏನು?”

“ಅವೆಲ್ಲ ಎಂಟರ್. ಬೆಳಗ್ಗೆ ತೆಗೆದ್ವಿ.”

ಮೀರಾ ಮೇಡಂ ನಗಲಿಲ್ಲ. ಅದು ಅವರ ದೊಡ್ಡತನ. “ಇದು ಎಂಫಿಲ್ ಗಾತ್ರ ಸಾರ್. ಬೇಕಾದ್ರೆ ಅದಕ್ಕೆ ಹಾಕಿ.”

“ನಂದು ಎಂಫಿಲ್ ಆಗಿದೆ ಮೇಡಂ.”

“ಹಂಗಾದ್ರೆ ಎರಡನೇದಾಗುತ್ತೆ.”

ಶಿವಯೋಗಿ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟ. ಲಗ್ನಪತ್ರಿಕೆಯ ಕತೆ ಹೇಳಿದ, ಮಾವನ ಕತೆ ಹೇಳಿದ, ಟೈಪಿಂಗ್ ಇನ್ಸ್ಟಿಟ್ಯೂಟಿನ ಗಂಟೆಯ ಕತೆಯನ್ನೂ ಹೇಳಿದ. ಮೀರಾ ಮೇಡಂ ನಿಯಮದ ಪುಸ್ತಕ ತೆಗೆದು ಬೆರಳಾಡಿಸಿದರು. ಅವರಿಗೂ ಮನೆಯಲ್ಲಿ ಮದುವೆಗೆ ಬಂದ ತಂಗಿಯಿದ್ದಳು.

“ಅಕ್ಷರದ ಸೈಜು ಇಷ್ಟೇ ಇರ್ಬೇಕು ಅಂತ ಬರ್ದಿದಾರೆ. ಸಾಲಿನ ಮಧ್ಯೆ ಜಾಗ ಇಷ್ಟೇ ಅಂತಾನೂ ಇದೆ. ಅಂಚೂ ಇದೆ. ಆದ್ರೆ...” ಅವರು ಕನ್ನಡಕದ ಮೇಲಿಂದ ನೋಡಿದರು. “ಎಂಟರ್ ಎಷ್ಟು ಹೊಡೀಬೇಕು ಅಂತ ಎಲ್ಲೂ ಬರ್ದಿಲ್ಲ.”

“ಮೇಡಂ?”

“ಕೂತ್ಕೊಳ್ಳಿ ಸಾರ್ ನನ್ನ ಕುರ್ಚಿನಲ್ಲಿ. ಐದು ಗಂಟೆ ತನಕ ಟೈಮಿದೆ. ಫ್ಲಾಪಿ ಇವತ್ತು ಇನ್‌ವರ್ಡ್ ಮಾಡ್ಕೋತೀನಿ, ಪ್ರಿಂಟು ನಾಳೆ ತಂದ್ಕೊಡಿ.”

ಶಿವಯೋಗಿ ಕೂತ. ಬೆಳಗ್ಗೆ ವಸೀಂ ಮೂರು ಟಿಕ್ಕಿನಲ್ಲಿ ಕಿತ್ತು ಹಾಕಿದ್ದನ್ನು ಈಗ ತನ್ನ ಕೈಯಾರೆ ಮರಳಿ ನೆಡತೊಡಗಿದ. ಮೊದಮೊದಲು ಪ್ಯಾರಾಗೊಂದು ಎಂಟರ್. ಪುಟಗಳು ಏರಿದವು, ಆದರೆ ಸಾಲದು. ಅಧ್ಯಾಯದ ಹೆಸರಿನ ಮೇಲೆ ಎರಡು, ಕೆಳಗೆ ಎರಡು. ಕೋಷ್ಟಕದ ಸುತ್ತ ಅಂಗಳ ಬಿಟ್ಟ. ಮುದುಕಿ ಬುಟ್ಟಿ ಹಿಡಿದು ನಿಂತ ಜಾಗದಲ್ಲಿ, ಹಾಲಸ್ವಾಮಿಯ ಮಾತಿಗೆ ಬೆಲೆ ಕೊಟ್ಟು, ಓದುಗ ಅಳಲು ಅನುಕೂಲವಾಗುವಷ್ಟು ಜಾಗ ಬಿಟ್ಟ.

“ಮಧ್ಯೆ ಮಧ್ಯೆ ಸೇವ್ ಮಾಡ್ಕೊಳ್ಳಿ ಸಾರ್,” ಎಂದರು ಮೇಡಂ, ಬೀರುವಿಗೆ ಬೀಗ ಹಾಕುತ್ತ.

“ಬೇಡ ಮೇಡಂ. ಬೆಳಗ್ಗೆ ಅವಸರದಲ್ಲಿ ಸೇವ್ ಮಾಡಿಯೇ ಇಷ್ಟೆಲ್ಲ ಆಗಿದ್ದು. ನೂರೈವತ್ತು ಬಂದ್ಮೇಲೆ, ಕಣ್ಣಾರೆ ನೋಡಿ, ಒಂದೇ ಸಲ ಮಾಡ್ತೀನಿ.”

ಹೊರಗೆ ಕಾರಿಡಾರಿನಲ್ಲಿ ಅಟೆಂಡರ್ ಜಯಪ್ಪ ಒಂದೊಂದೇ ಕಿಟಕಿ ಮುಚ್ಚುತ್ತ ಬರುವ ಸದ್ದು ಕೇಳಿಸುತ್ತಿತ್ತು. ಶಿವಯೋಗಿಯ ಬೆರಳು ನಿಲ್ಲಲಿಲ್ಲ. ಕೃತಜ್ಞತೆಯ ಪುಟದಲ್ಲಿ ಹೆಂಡತಿಗೊಂದು, ಗೈಡಿಗೊಂದು, ಬಸ್ ಕಂಡಕ್ಟರುಗಳಿಗೊಂದು ಪ್ಯಾರಾ ಮಾಡಿಕೊಟ್ಟ.

ಮೀರಾ ಮೇಡಂ ಕೈಚೀಲ ಹೆಗಲಿಗೆ ಹಾಕಿಕೊಂಡು, ಸೀಲು ಹಿಡಿದು ಅವನ ಹಿಂದೆ ಬಂದು ನಿಂತರು. “ಎಷ್ಟಾಯ್ತು ಸಾರ್?”

“ನೂರ ನಲವತ್ತೊಂಬತ್ತು ಮೇಡಂ!”

“ಇನ್ನೊಂದೇ. ಹೊಡೀರಿ, ಹೊಡೀರಿ.”

ಕಾರಿಡಾರಿನ ಕೊನೆಯಲ್ಲಿ ಜಯಪ್ಪ ಗೋಡೆಯ ಗಡಿಯಾರದಲ್ಲಿ ಐದಾದದ್ದನ್ನು ನೋಡಿ, ದಿನಾ ಸಂಜೆಯ ಹಾಗೆ ಕೈಯೆತ್ತಿ ಮೇನ್ ಸ್ವಿಚ್ ಕೆಳಗೆಳೆದ. ಪರದೆ ಚುಕ್ಕಿಯಾಗಿ ಆರಿತು, ತಲೆಯ ಮೇಲಿನ ಫ್ಯಾನು ಸೋತು ಸೋತು ಮೂರು ಸುತ್ತು ತಿರುಗಿ ನಿಂತಿತು.